ಮೂರನೆಯ ರಿಮೈಂಡರ್

ಫರೀದಾಬಾದ್,
೧೦-೮-೧೯೭೮, ಗುರುವಾರ

ಪೂಜ್ಯ ಅತ್ತಿಗೆ ಶಾರದಮ್ಮನವರಿಗೆ,

ನಿಮ್ಮ ಜಗ್ಗು ಮಾಡುವ ನಮಸ್ಕಾರಗಳು. ಮಂಡಿನೋವು ಹೇಗಿದೆ? ಹಿಂದಿನ ಕಾಗದದಲ್ಲಿ ‘ಪರವಾಗಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಿರಿ. ನಿಮ್ಮ ‘ಪರವಾಗಿಲ್ಲ’ದ ಅರ್ಥ ನನಗೆ ಗೊತ್ತಿಲ್ಲದ್ದಲ್ಲ, ನಾನು ಹೈಸ್ಕೂಲಿನಲ್ಲಿದ್ದಾಗ ನೂರಮೂರು ಡಿಗ್ರಿ ಜ್ವರದಲ್ಲಿ ಮುದ್ದೆ ತಿರುವುತ್ತಾ ನೀವು ಹೇಳಿದ್ದೂ ಅದೇ ಮಾತು. ಶಾಲೆಗೆ ಹೋಗುವಾಗ ಆ ದಿಬ್ಬದ ದಾರಿ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆಯಿಂದ ಹೋಗಿ. ಹತ್ತು ನಿಮಿಷ ತಡವಾದರೆ ಮೂರನೆಯ ಕ್ಲಾಸಿನ ಮಕ್ಕಳೇನೂ ನಿಮ್ಮ ಮೇಲೆ ದೂರು ಬರೆಯುವುದಿಲ್ಲ. ಪ್ರಫುಲ್ಲಾ ಕಾಲೇಜಿನಲ್ಲಿ ಕಪ್ಪೆ ಕೊಯ್ಯಲು ಹೆದರಿ ಅತ್ತಳೆಂದು ಬರೆದಿದ್ದಿರಿ. ನಿನ್ನ ಚಿಕ್ಕಪ್ಪ ಜಿರಲೆ ಕೊಯ್ದು ಕೊಯ್ದೇ ಈ ಸ್ಥಿತಿಗೆ ಬಂದವನು ಎಂದು ಅವಳಿಗೆ ಹೇಳಿ. ಧೈರ್ಯ ಬರಬಹುದು, ಇಲ್ಲವೇ ಸೈನ್ಸನ್ನೇ ಬಿಟ್ಟುಬಿಡಬಹುದು.

ನಾವು ಮೂವರೂ ಚೆನ್ನಾಗಿದ್ದೇವೆ. ಈ ಸಲ ಮಳೆ ಬೇಗ ಬಂತು, ಜೋರಾಗಿಯೂ ಬಂತು. ನಮ್ಮ ಸೆಕ್ಟರಿನ ರಸ್ತೆಯಲ್ಲಿ ಎರಡು ದಿನ ಮೊಣಕಾಲುದ್ದ ನೀರು ನಿಂತಿತ್ತು. ಕಾರ್ಖಾನೆಗೆ ಹೋಗುವವರು ಪ್ಯಾಂಟು ಮಡಿಸಿ, ಸೈಕಲ್ಲು ಹೆಗಲ ಮೇಲೆ ಹೊತ್ತು ಹೋಗುತ್ತಿದ್ದರು. ಚಂದ್ರಪ್ರಭಾ ಇನ್ನೂ ಸರೋಜಿನಿ ನಗರದ ಹಳೆಯ ಕ್ವಾರ್ಟರ್ಸನ್ನೇ ಜಪಿಸುತ್ತಾಳೆ. ಅಲ್ಲಿ ಪಕ್ಕದ ಮನೆಯಲ್ಲಿ ಕರಿಬೇವಿನ ಗಿಡವಿತ್ತು. ಇಲ್ಲಿ ತರಕಾರಿ ಭಯ್ಯಾನಿಗೆ ಕರಿಬೇವು ಎಂದರೆ ಆಡಿಗೆ ಹಾಕುವ ಸೊಪ್ಪು. ಇಂದಿರಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಈ ವಾರ ನಾಗರಪಂಚಮಿಗೆ ಹುತ್ತ ಸಿಗದೆ ಅವಳಮ್ಮ ಅರಿಸಿನದಲ್ಲಿ ನಾಗಪ್ಪನನ್ನು ಬರೆದು ಹಾಲೆರೆದರೆ, ಇವಳು "ದೊಡ್ಡಮ್ಮ ಹೋತೀ ತೋ ಅಸಲೀ ಸಾಂಪ್ ಢೂಂಢ್ ಲೇತೀ" ಎಂದಳು. ದೊಡ್ಡಮ್ಮ ಇದ್ದಿದ್ದರೆ ನಿಜವಾದ ಹಾವನ್ನೇ ಹುಡುಕುತ್ತಿದ್ದರಂತೆ. ನಿಮ್ಮ ಬಗ್ಗೆ ಅವಳಿಗೆ ಅಷ್ಟು ನಂಬಿಕೆ.

ಪೀಠಿಕೆ ಉದ್ದವಾಗುತ್ತಿದೆ ಎಂದು ನಿಮಗೆ ಆಗಲೇ ಗೊತ್ತಾಗಿರಬೇಕು. ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೇನೆ, ಒಂದನ್ನು ನಿಮ್ಮಿಂದ ಬೇಡುವುದಿದೆ. ಮೊದಲನೆಯದನ್ನು ಹೇಳಿದ ಮೇಲೆ ಎರಡನೆಯದನ್ನು ಕೇಳುವ ಮುಖ ನನಗಿರುತ್ತದೋ ಇಲ್ಲವೋ. ಆದರೂ ಇದೇ ತಿಂಗಳ ಇಪ್ಪತ್ತೆಂಟರೊಳಗೆ ಇತ್ಯರ್ಥವಾಗದಿದ್ದರೆ ಒಬ್ಬ ಮನುಷ್ಯನ ಜೀವಕ್ಕೆ ಅಪಾಯವಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಯುಗಾದಿಗೆ ಬಂದಾಗ ನೀವು ಎಲೆಯ ಮುಂದೆ ಕೂತಿದ್ದ ನನ್ನನ್ನು ಕೇಳಿದಿರಿ: "ಜಗ್ಗು, ಆ ಮರಳುಗಾಡಿನ ಕಡೆಗೆಲ್ಲ ನಿನ್ನನ್ನ ಹಾಕಿಲ್ಲ ತಾನೆ?" ನಾನು ಬಾಯಲ್ಲಿ ಒಬ್ಬಟ್ಟಿಟ್ಟುಕೊಂಡು, ಇಲ್ಲ ಅತ್ತಿಗೆ, ಬರೀ ಟೇಬಲ್ ಕೆಲಸ ಎಂದೆ. ಅದು ಸುಳ್ಳು. ಹೋದ ವರ್ಷದ ಮಳೆಗಾಲದಿಂದಲೂ ತಿಂಗಳಿಗೊಂದು ಸಲ ನಾನು ರಾಜಸ್ಥಾನದ ಗಡಿಗೆ ಹೋಗುತ್ತಿದ್ದೇನೆ. ಅಲ್ಲಿ ಆಚೆ ಕಡೆಯ, ಅಂದರೆ ಪಾಕಿಸ್ತಾನದ, ಮಿಡತೆ ಅಧಿಕಾರಿಗಳ ಜೊತೆ ಒಂದೇ ಮೇಜಿಗೆ ಕೂರುತ್ತೇನೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಈ ಮಿಡತೆ ನಮ್ಮ ಹಿತ್ತಲಿನ ಹಸಿರು ಮಿಡತೆಯಲ್ಲ. ಮರಳುಗಾಡಿನಲ್ಲಿ ಮಳೆ ಬಿದ್ದರೆ ಹಸಿ ಮರಳಿನಲ್ಲಿ ಮೊಟ್ಟೆ ಇಡುತ್ತದೆ, ಹದಿನೈದು ದಿನಕ್ಕೆ ಮರಿ, ಇನ್ನೈದು ವಾರಕ್ಕೆ ರೆಕ್ಕೆ. ರೆಕ್ಕೆ ಬಂದ ಮೇಲೆ ಹಿಂಡು ಹಿಂಡಾಗಿ ಏಳುತ್ತದೆ, ಅದು ಇಳಿದ ಹೊಲದಲ್ಲಿ ಸಂಜೆಗೆ ಕಡ್ಡಿ ಮಾತ್ರ ಉಳಿದಿರುತ್ತದೆ. ರೆಕ್ಕೆ ಬರುವುದರೊಳಗೆ ಮರಿಗಳು ಎಲ್ಲಿವೆ ಎಂದು ನಡೆದು ಹುಡುಕಿ ಔಷಧಿ ಹೊಡೆಯಬೇಕು, ಬೇರೆ ದಾರಿಯಿಲ್ಲ. ಆಚೆ ಹುಟ್ಟಿದ್ದು ಈಚೆ ಮೇಯುತ್ತದೆ, ಈಚೆಯದು ಆಚೆ. ಹಾಗಾಗಿ ಎರಡು ಸರ್ಕಾರಗಳೂ, ಬೇರೆ ಯಾವುದಕ್ಕೂ ಒಪ್ಪದಿದ್ದರೂ, ಹುಳದ ಲೆಕ್ಕ ಒಬ್ಬರಿಗೊಬ್ಬರು ಕೊಡಲು ಒಪ್ಪಿವೆ. ಮಿಡತೆಗೆ ಪಾಸ್‌ಪೋರ್ಟ್ ಬೇಕಾಗಿಲ್ಲ ಎಂಬುದು ನಮ್ಮ ಸಾಹೇಬರ ಜೋಕು. ಪ್ರತಿ ಸಭೆಯಲ್ಲೂ ಹೇಳುತ್ತಾರೆ, ಪ್ರತಿ ಸಲವೂ ಎರಡೂ ಕಡೆಯವರು ಮೊದಲ ಸಲ ಕೇಳಿದಂತೆ ನಗುತ್ತೇವೆ.

ಸಭೆ ನಡೆಯುವುದು ಬಾಡಮೇರದಿಂದ ಆಚೆ, ಮುನಾಬಾವ್ ಎಂಬಲ್ಲಿ. ರೈಲ್ವೆ ಸ್ಟೇಷನ್ ಇದೆ, ಹಳಿಯೂ ಇದೆ, ಅರವತ್ತೈದರ ಯುದ್ಧದಿಂದ ಈಚೆಗೆ ಆಚೆ ಕಡೆಗೆ ರೈಲಿಲ್ಲ. ಎರಡೂ ಕಡೆಯ ಸಿಪಾಯಿಗಳು ಬಾಗಿಲಲ್ಲಿ ನಿಂತಿರುತ್ತಾರೆ. ಮೇಜಿನ ಮೇಲೆ ಫಾರಂಗಳು: ಯಾವ ಜಾಗ, ಎಷ್ಟು ಚದರ ಮೈಲಿ, ಮೊಟ್ಟೆಯೋ ಮರಿಯೋ ರೆಕ್ಕೆಯದೋ. ಅದು ಬಿಟ್ಟು ಬೇರೆ ಮಾತು ಆಡುವಂತಿಲ್ಲ, ಬೇರೆ ವಸ್ತು ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ಚಹಾಕ್ಕೆ ಮಾತ್ರ ಅಡ್ಡಿಯಿಲ್ಲ. ಒಂದು ಸಲ ಅವರದು, ಒಂದು ಸಲ ನಮ್ಮದು.

ಮೊದಲ ಸಭೆಯಲ್ಲಿ ಅವರ ಸರದಿ. ನನಗೆ ಕುಡಿಯಲಾಗಲಿಲ್ಲ, ಅತ್ತಿಗೆ. ಕಪ್ಪು ಎದುರಿಗೆ ಬಂದಾಗ ನಿಮ್ಮ ಮುಖವೇ ಕಣ್ಣ ಮುಂದೆ. ಏನಾದರೂ ನೆಪ ಬೇಕಲ್ಲ, ಇವತ್ತು ಏಕಾದಶಿ, ಏನೂ ಮುಟ್ಟುವುದಿಲ್ಲ ಎಂದೆ. ಆ ಕಡೆಯ ಹಿರಿಯ ಅಧಿಕಾರಿ, ಸೂಮ್ರೋ ಎಂದು ಅವರ ಹೆಸರು, ಸಿಂಧಿನವರು, ಐವತ್ತು ದಾಟಿದ ಸಣಕಲು ಮನುಷ್ಯ, ಕಪ್ಪನ್ನು ಹಾಗೆಯೇ ಹಿಡಿದುಕೊಂಡು, "ಏಕಾದಶಿ ತೋ ಕಲ್ ಹೈ, ಸಾಹಬ್. ಆಜ್ ದಶಮಿ ಹೈ" ಎಂದರು. ಏಕಾದಶಿ ನಾಳೆ, ಇವತ್ತು ದಶಮಿಯಂತೆ! ಅವರ ಹಳ್ಳಿಯಲ್ಲಿ ಅರ್ಧಕ್ಕೆ ಅರ್ಧ ಹಿಂದೂ ಮನೆಗಳು, ಪಕ್ಕದ ಮನೆಯ ಮುದುಕಿ ಉಪವಾಸದ ದಿನ ಇವರ ಅಮ್ಮನಿಗೆ ಹಣ್ಣು ಕಳಿಸುತ್ತಿದ್ದಳಂತೆ. ಐವತ್ತು ವರ್ಷದಿಂದ ಬಾಯಿಪಾಠ. ಸಂಧ್ಯಾವಂದನೆ ಮರೆತು ಇಪ್ಪತ್ತು ವರ್ಷವಾದ ನಾನು ಒಬ್ಬ ಮುಸಲ್ಮಾನರಿಂದ ತಿಥಿ ಕೇಳಿ ತಿಳಿದುಕೊಂಡೆ. ಚಹಾ ಕುಡಿದೆ. ಏಲಕ್ಕಿ ಜಾಸ್ತಿಯಾಗಿತ್ತು.

ಆಮೇಲಿಂದ ಅವರೂ ನಾನೂ ಸಲಿಗೆಯಿಂದಲೇ ಇದ್ದೇವೆ. ನನ್ನ ಹಿಂದಿಯನ್ನು ಅವರು ಗೇಲಿ ಮಾಡುತ್ತಾರೆ. ಔಷಧಿ ದಂಡ, ನೀವು ಮರಳಿನಲ್ಲಿ ನಿಂತು ನಾಲ್ಕು ಮಾತಾಡಿದರೆ ಹುಳ ತಾನಾಗಿ ಓಡಿಹೋಗುತ್ತದೆ ಎನ್ನುತ್ತಾರೆ. ಅಧಿಕಾರಿಯಾಗಿ ಗಟ್ಟಿಗರು. ಒಂದು ಮೊಟ್ಟೆಯ ಚೀಲ ಕೈಯಲ್ಲಿ ಪುಡಿ ಮಾಡಿ ಎಷ್ಟು ದಿನದ್ದೆಂದು ಹೇಳಬಲ್ಲರು. ಇದನ್ನೆಲ್ಲ ನಿಮಗೆ ಹೇಳದೆ ಒಂದು ವರ್ಷ ಕಳೆದೆ. ಕಾರಣ ನಿಮಗೆ ಗೊತ್ತು.

ಅಣ್ಣ ಯುದ್ಧದಲ್ಲಿ ಹೋಗಲಿಲ್ಲ. ಯುದ್ಧದಲ್ಲಿ ಹೋಗಿದ್ದರೆ ಜನ ಹೇಳುವ ಸಮಾಧಾನಕ್ಕೆ ಒಂದು ಅರ್ಥವಿರುತ್ತಿತ್ತು. ಯುದ್ಧ ಮುಗಿದು ವರ್ಷವಾದ ಮೇಲೆ, ಎಪ್ಪತ್ತೆರಡರ ಡಿಸೆಂಬರಿನಲ್ಲಿ, ನಮ್ಮವರು ಹಿಡಿದಿದ್ದ ಮರಳುಗಾಡನ್ನು ಒಪ್ಪಂದದ ಪ್ರಕಾರ ಹಿಂದಿರುಗಿಸುವಾಗ, ನೆಲದಲ್ಲಿ ಹೂತಿದ್ದ ಸಿಡಿಮದ್ದಿನ ಮೈನುಗಳನ್ನು ತೆಗೆಯುತ್ತಿದ್ದರು. ನಾಲ್ಕು ಸಾಲು ತೆಗೆದ ಅಣ್ಣನ ಕಾಲು ಐದನೆಯ ಸಾಲಿನಲ್ಲಿ ಮೈನಿನ ಮೇಲೆ ಬಿತ್ತು. ತಪ್ಪು ಯಾರದೂ ಅಲ್ಲ, ಮರಳು ಜರುಗುತ್ತದೆ ಎಂದು ಸುದ್ದಿ ತಂದ ಅಧಿಕಾರಿ ಹೇಳಿದರು. ಹದಿಮೂರನೆಯ ದಿನ ಎಲ್ಲ ಮುಗಿದ ಮೇಲೆ ನೀವು ಒಲೆಯ ಮುಂದೆ ಕೂತು ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಸಾಯೋದೇನು ಜಗ್ಗು, ಸಿಪಾಯಿ ಅಂದ್ಮೇಲೆ ಇದ್ದದ್ದೇ. ಅವರ ಅಂಗಳ ಗುಡಿಸಿಕೊಡೋಕೆ ಹೋಗಿ ಸತ್ತರಲ್ಲ, ಅದನ್ನ ನಾನು ತಡಕೊಳ್ಳಲಾರೆ. ಆ ಕಡೆಯವರ ನೆರಳೂ ಈ ಮನೆಗೆ ಬೀಳಕೂಡದು." ಅಂದಿನಿಂದ ರೇಡಿಯೋದಲ್ಲಿ ಆ ದೇಶದ ಹೆಸರು ಬಂದರೆ ನೀವು ಕಿವಿ ಹಿಂಡಿ ನಿಲ್ಲಿಸುತ್ತೀರಿ. ಆ ಮನೆಯ ಅನ್ನ ತಿಂದು ಬೆಳೆದ ನಾನು ಅವರ ಚಹಾ ಕುಡಿದು ಬಂದು ನಿಮ್ಮ ಒಬ್ಬಟ್ಟು ತಿಂದೆ. ಇದು ನಾನು ಮುಚ್ಚಿಟ್ಟದ್ದರ ಅರ್ಧ ಭಾಗ.

ಉಳಿದರ್ಧ ಇದಕ್ಕಿಂತ ಕೆಟ್ಟದ್ದು. ಈ ಸಲ ಜೂನ್ ಕೊನೆಯಿಂದಲೇ ಮರಳುಗಾಡಿನಲ್ಲಿ ಮಳೆ. ಅವರು ಕೊಟ್ಟ ಫಾರಂನಲ್ಲಿ ಎಲ್ಲ ಜಾಗಗಳ ಲೆಕ್ಕವಿತ್ತು. ಆರು ಮೈಲಿ ಉದ್ದದ ಒಂದು ಪಟ್ಟಿಗೆ ಮಾತ್ರ ‘ಸಮೀಕ್ಷೆ ಆಗಿಲ್ಲ’ ಎಂದಿತ್ತು. ಯಾಕೆ ಆಗಿಲ್ಲ ಎಂದು ಬರೆಯಲು ನಮ್ಮ ಫಾರಂನಲ್ಲಿ ಕಾಲಂ ಇಲ್ಲ. ಇಲ್ಲದಿರುವುದೂ ಬೇಕೆಂದೇ, ಕಾರಣ ಬರೆದರೆ ಹಳೆಯ ಜಗಳಗಳು ಮೇಲೇಳುತ್ತವೆ ಎಂದು ಎರಡೂ ಕಡೆಯವರು ಸೇರಿಯೇ ಆ ಕಾಲಂ ತೆಗೆದುಹಾಕಿದ್ದರು. ನಾನು ಫರೀದಾಬಾದಿನ ಫ್ಯಾನಿನ ಕೆಳಗೆ ಕೂತು, ಇದು ಆ ಕಡೆಯವರ ಸೋಮಾರಿತನ ಎಂದು ತೀರ್ಮಾನಿಸಿ ರಿಮೈಂಡರ್ ಕಳಿಸಿದೆ. ಉತ್ತರವಿಲ್ಲ. ಎರಡನೆಯ ರಿಮೈಂಡರ್. ಮತ್ತೆ ಇಲ್ಲ. ಗುಮಾಸ್ತನ ಸ್ವಭಾವ ನಿಮಗೆ ಗೊತ್ತಿರಲಿಕ್ಕಿಲ್ಲ ಅತ್ತಿಗೆ. ಎರಡನೆಯ ರಿಮೈಂಡರಿಗೆ ಉತ್ತರ ಬಾರದಿದ್ದರೆ ಊಟ ರುಚಿಸುವುದಿಲ್ಲ. ಮೂರನೆಯದನ್ನು ಕೆಂಪು ಶಾಯಿಯ ‘ತುರ್ತು’ ಮುದ್ರೆ ಒತ್ತಿ ಕಳಿಸಿ, ವೈರ್‌ಲೆಸ್ಸಿನಲ್ಲೂ ಹೇಳಿಸಿದೆ: ‘ಇನ್ನೂ ವಿಳಂಬವಾದಲ್ಲಿ ಮುಂದೆ ಆಗುವ ಸಮಸ್ತ ಹಾನಿಗೆ ತಾವೇ ಹೊಣೆಗಾರರಾಗತಕ್ಕದ್ದು.’ ಇಂಗ್ಲಿಷಿನಲ್ಲಿ ಇನ್ನೂ ಚೆನ್ನಾಗಿತ್ತು. ಅಂದು ಸಂಜೆ ಚಂದ್ರಪ್ರಭಾಗೆ ಓದಿ ಕೂಡ ಹೇಳಿದೆ.

ಹೋದ ತಿಂಗಳ ಇಪ್ಪತ್ತೊಂಬತ್ತಕ್ಕೆ ಸಭೆ. ಎಲ್ಲ ಮುಗಿದು, ಸಹಿಯಾಗಿ, ಚಹಾ ಬಂದ ಮೇಲೆ ಸೂಮ್ರೋ ಸಾಹೇಬರು ನನ್ನ ಪಕ್ಕಕ್ಕೆ ಬಂದು ನಿಂತರು. "ಜಗನ್ನಾಥ್ ಸಾಹಬ್, ಆಪ್ ಕಾ ರಿಮೈಂಡರ್ ಮಿಲ್ ಗಯಾ ಥಾ" ಎಂದರು. ನಿಮ್ಮ ರಿಮೈಂಡರ್ ತಲುಪಿತ್ತು ಎಂದಷ್ಟೆ. ನಾನು, ಅಚ್ಛಾ, ಹಾಗಾದರೆ ಸಮೀಕ್ಷೆ ಆಯಿತೆ ಎಂದು ಕೇಳಿದೆ. ಕೇಳಿದೆನಲ್ಲ! ಅವರು ನಿಧಾನವಾಗಿ ಹೇಳಿದರು. ಆ ಪಟ್ಟಿಯಲ್ಲಿ ಮೈನುಗಳಿವೆ. ಕಾಗದದ ಮೇಲೆ ಆ ನೆಲ ಎಪ್ಪತ್ತೆರಡರಲ್ಲೇ ಶುದ್ಧವಾಗಿದೆ, ಆದರೆ ವರ್ಷಕ್ಕೊಂದಾದರೂ ಒಂಟೆ ಸಾಯುತ್ತದೆ, ಊರವರು ಅತ್ತ ಸುಳಿಯುವುದಿಲ್ಲ. ಮೂರನೆಯ ರಿಮೈಂಡರ್ ಅವರ ಮೇಲಿನವರಿಗೆ ಹೋಗಿ, ಅವರು ಇವರ ಆಫೀಸನ್ನು ಕೇಳಿ, ಸೂಮ್ರೋ ಸಾಹೇಬರು ರಜೆಯಲ್ಲಿದ್ದಾಗ ಇವರ ಕೈಕೆಳಗಿನವರು ರಂಜಾನ್ ಎಂಬ ಒಂಟೆ ಸವಾರನನ್ನು ಹುಳ ನೋಡಿ ಬಾ ಎಂದು ಕಳಿಸಿದರು. ಒಂದು ಒಣಬಾವಿ, ಮೂರು ಜಾಲಿಮರ, ಅಲ್ಲಿಂದ ಸ್ವಲ್ಪ ಉತ್ತರಕ್ಕೆ. ಒಂಟೆ ಅಲ್ಲೇ ಸತ್ತಿತು. ರಂಜಾನ್ ಬದುಕಿದ್ದಾನೆ, ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಅವನು ಹೋಗುವ ದಾರಿಯಲ್ಲಿ ಮರಿಗಳನ್ನು ಕಂಡಿದ್ದ. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ಮೇಲೆ ಎಷ್ಟು ಹಿಂಡು ಎಂದು ಹೇಳಿ ಬರೆಸಿದನಂತೆ. ಸೂಮ್ರೋ ಸಾಹೇಬರು ಆ ಲೆಕ್ಕದ ಚೀಟಿ ನನ್ನ ಕೈಗಿತ್ತರು. ನಮ್ಮ ಫಾರಂನ ಖಾಲಿ ಜಾಗ ತುಂಬಲು.

ನನಗೆ ನಾಚಿಕೆಯಾಯಿತು, ಅತ್ತಿಗೆ. ಈವರೆಗೆ ಯಾವುದಕ್ಕೂ ಅಷ್ಟು ನಾಚಿಕೆಪಟ್ಟಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮ್ಮ ಕಡೆಯದೂ ಎರಡು ಮಾತು ಇತ್ತು. ವಾಪಸ್ಸು ಬರುವಾಗ ರೈಲಿನಲ್ಲಿ ಅಣ್ಣನದೇ ಯೋಚನೆ. ಇಷ್ಟು ವರ್ಷ ಅಣ್ಣನನ್ನು ಕೊಂದದ್ದು ಆ ಕಡೆಯವರು ಎಂದು ನಾನೂ ನಿಮ್ಮ ಹಾಗೆಯೇ ನಂಬಿದ್ದೆ. ಆದರೆ ಇಂಥ ತಾರೀಕಿನೊಳಗೆ ನೆಲ ಖಾಲಿಯಾಗತಕ್ಕದ್ದು ಎಂಬ ಕಾಗದವನ್ನು ಯಾರೋ ನನ್ನಂಥವನೇ ಬರೆದಿರಬೇಕು. ಆಚೆಯವನೋ ಈಚೆಯವನೋ, ವಾಕ್ಯ ಚೆನ್ನಾಗಿ ಬಂತೆಂದು ಮನೆಗೆ ಹೋಗಿ ಹೆಂಡತಿಗೆ ಓದಿ ಹೇಳಿರಬೇಕು. ಅಣ್ಣನಿಗೆ ನೀವಿದ್ದಿರಿ, ರಂಜಾನನಿಗೂ ಹೆಂಡತಿ ಇದ್ದಾಳೆ. ಅವಳೂ ಈಗ ಯಾವುದೋ ಒಲೆಯ ಮುಂದೆ ಕೂತು ಇಂಡಿಯಾದವರ ನೆರಳು ಬೀಳಕೂಡದು ಎನ್ನುತ್ತಿರಬಹುದು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗದು.

ಮುಚ್ಚಿಟ್ಟದ್ದು ಇಷ್ಟು. ಕ್ಷಮಿಸಿ ಎಂದು ಕೇಳುವುದು ಸುಲಭ, ಅದಕ್ಕೇ ಕೇಳುವುದಿಲ್ಲ. ಬೈದು ಬರೆಯಿರಿ. ಒಂದಷ್ಟು ದಿನ ಚಿಂತಾಮಣಿಗೆ ಬರಬೇಡ ಎಂದರೆ ಬರುವುದಿಲ್ಲ. ಆದರೆ ಇಂದಿರಾಳನ್ನು ದಸರೆ ರಜೆಗೆ ಅವಳಮ್ಮನ ಜೊತೆ ಕಳಿಸುತ್ತೇನೆ, ಅವಳ ಮೇಲೆ ಸಿಟ್ಟು ತೋರಿಸಬೇಡಿ. ಪ್ರಫುಲ್ಲಾಗೆ ನನ್ನ ಆಶೀರ್ವಾದ, ಕಪ್ಪೆಯ ವಿಷಯದಲ್ಲಿ ವಿಶೇಷವಾಗಿ. ಚಂದ್ರಪ್ರಭಾ ನಮಸ್ಕಾರ ತಿಳಿಸಿದ್ದಾಳೆ, ಮಂಡಿಗೆ ಎಣ್ಣೆ ಬಿಸಿ ಮಾಡಿಯೇ ಹಚ್ಚಬೇಕಂತೆ. ನಿಮ್ಮ ಆರೋಗ್ಯ ಮೊದಲು, ನನ್ನ ಮೇಲಿನ ಕೋಪ ಆಮೇಲೆ.

ನಿಮ್ಮ ಕೈತುತ್ತು ತಿಂದು ಬೆಳೆದ
ಜಗನ್ನಾಥ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು, ಟಪಾಲಿನ ಹೊತ್ತಾಗಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ: ಎಪ್ಪತ್ಮೂರರ ಜನವರಿಯಲ್ಲಿ ಅಣ್ಣನ ಟ್ರಂಕು ಬಂದಾಗ ಬಟ್ಟೆಗಳ ನಡುವೆ ಒಂದು ಪುಟ್ಟ ಪುಸ್ತಕವಿತ್ತು, ನಿಮಗೆ ನೆನಪಿರಬೇಕು. ಕನ್ನಡದಲ್ಲಿ ಬರೆದದ್ದರಿಂದ ಅಲ್ಲಿ ಸಾಮಾನು ಕಟ್ಟಿದವರು ಮನೆಯ ವಿಷಯವೆಂದುಕೊಂಡು ಬಟ್ಟೆಯ ಜೊತೆ ಕಳಿಸಿರಬೇಕು. ನಾನೂ ಹಾಗೆಯೇ ಅಂದುಕೊಂಡೆ. ಒಂದು ಹಾಳೆ ಮಾತ್ರ ನೋಡಿದ್ದೆ, ಅಷ್ಟರಲ್ಲಿ ನೀವು ಕಿತ್ತುಕೊಂಡು ಟ್ರಂಕಿಗೆ ಬೀಗ ಹಾಕಿದಿರಿ. ಅದರಲ್ಲಿ ‘ಒಣಬಾವಿಯಿಂದ ಬಡಗಲಿಗೆ ೪೦ ಹೆಜ್ಜೆ, ಜಾಲಿ ೩’ ಎಂದಿತ್ತು, ರಂಜಾನನ ಕಾಲು ಹೋದ ಅದೇ ಉತ್ತರದ ಕಡೆ. ಅದು ಮನೆಯ ವಿಷಯವಲ್ಲ ಅತ್ತಿಗೆ, ಮೈನಿನ ಸಾಲುಗಳ ಲೆಕ್ಕ. ತೆಗೆದದ್ದು ಯಾವುದು, ಉಳಿದದ್ದು ಯಾವುದು ಎಂದು ಅಣ್ಣ ತಮಗಾಗಿ ಬರೆದುಕೊಂಡದ್ದು. ರಂಜಾನ್ ಬಿದ್ದ ಮೇಲೆ ಆಚೆಯ ಸೈನ್ಯದವರು ಬಂದು ನೋಡಿ, ಗುಡ್ಡಗಳೇ ಜರುಗಿವೆ, ಎಲ್ಲಿಂದ ಹುಡುಕುವುದೋ ತಿಳಿಯದು, ತಿಂಗಳುಗಟ್ಟಲೆ ಬೇಕು ಎಂದಿದ್ದಾರೆ. ಗುಡ್ಡ ಜರುಗಿದರೂ ಬಾವಿ ಜರುಗಿಲ್ಲ. ನಮ್ಮ ಸಾಹೇಬರಿಗೂ ಇಲ್ಲಿನ ಸೈನ್ಯದ ಅಧಿಕಾರಿಗೂ ವಿಷಯ ಹೇಳಿದ್ದೇನೆ, ಪುಸ್ತಕ ಬಂದರೆ ಅವರ ಮೂಲಕವೇ ಆಚೆ ಹೋಗುತ್ತದೆ, ಕಳ್ಳತನದಲ್ಲಲ್ಲ. ಬೀಗ ತೆಗೆಯುವುದು ನಿಮಗೆ ಏನೆಂದು ನನಗೆ ಗೊತ್ತು. ಪುಸ್ತಕ ಕೊಡಲು ಮನಸ್ಸಾಗದಿದ್ದರೆ ನೀವೇ ಪ್ರತಿ ಮಾಡಿ ರಿಜಿಸ್ಟರ್ ಟಪಾಲಿನಲ್ಲಿ ಇಪ್ಪತ್ತೈದರೊಳಗೆ ಸಿಗುವಂತೆ ಕಳಿಸಿ, ಅಂಕಿಗಳು ತಪ್ಪಬಾರದು. ಸೆಪ್ಟೆಂಬರಿಗೆ ಆ ಹುಳಕ್ಕೆ ರೆಕ್ಕೆ ಬರುತ್ತದೆ. ಇಪ್ಪತ್ತೆಂಟಕ್ಕೆ ಆ ಪಟ್ಟಿಗೆ ಔಷಧಿ ಹೊಡೆಯಬೇಕು, ಎಲ್ಲಿ ಹೊಡೆಯಬೇಕೆಂದು ಯಾರಾದರೂ ನಡೆದು ನೋಡಲೇಬೇಕು. ಇನ್ನೊಬ್ಬನನ್ನು ಕಳಿಸಲಾರೆ, ನಾನೇ ಹೋಗುತ್ತೇನೆ ಎಂದು ಸೂಮ್ರೋ ಸಾಹೇಬರು ಹೇಳಿದ್ದಾರೆ. ಜೊತೆಗೆ ನಾನೂ ಹೋಗುತ್ತಿದ್ದೇನೆ ಎಂದು ಬರೆದಿದ್ದರೆ ನೀವು ಓದಿದ ಗಳಿಗೆಯಲ್ಲೇ ಬೀಗ ಒಡೆಯುತ್ತಿದ್ದಿರಿ. ಹಾಗೆ ಬರೆದೂ ಇದ್ದೆ, ಆ ಹಾಳೆಯನ್ನು ಹರಿದುಹಾಕಿದೆ. ನಿಮಗೆ ಸುಳ್ಳು ಹೇಳಿದ್ದು ಸಾಕು. ನಾನು ಹೋಗುತ್ತಿಲ್ಲ, ಹೋಗಲು ಅಪ್ಪಣೆಯಿಲ್ಲ. ಹೋಗುವವರು ಅವರೊಬ್ಬರೇ. ಕೊಡುವುದಾದರೆ ಅವರಿಗಾಗಿಯೇ ಕೊಡಿ.